ದರ್ಶನ ಕಂಡ ಮೇಲೆ ಪೇತ್ರ ಏನು ಮಾಡಿದ?

ತುಮಕೂರಿನ ಕ್ರೈಸ್ತ ಮನೆಗಳಲ್ಲಿ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ವಾದ ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಇದೆ, ನೆಂಟರ ಮನೆಗಳಲ್ಲೂ ಇದೆ. ಬೆಳಿಗ್ಗೆ ಅರ್ಧ ಜನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗೆ ಹೋಗಿರುತ್ತಾರೆ. ಅಲ್ಲಿ ಆರಾಧನಾ ಕ್ರಮದ ಪುಸ್ತಕ, ಹಳೆಯ ಗೀತೆಗಳು, ಆ ವಾರಕ್ಕೆ ಗೊತ್ತುಮಾಡಿದ ವಾಕ್ಯಪಾಠ. ಉಳಿದವರು ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ನಡೆಯುವ ಸಭೆಗೆ ಹೋಗಿರುತ್ತಾರೆ. ಅಲ್ಲಿ ಕೀಬೋರ್ಡ್, ಚಪ್ಪಾಳೆ, ಅನ್ಯಭಾಷೆಯ (ಪವಿತ್ರಾತ್ಮನ ಪ್ರೇರಣೆಯಿಂದ ಬರುವ, ತಾವು ಕಲಿಯದ ಭಾಷೆಯ) ಪ್ರಾರ್ಥನೆ, ಒಬ್ಬರಾದ ಮೇಲೆ ಒಬ್ಬರ ಸಾಕ್ಷಿ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಯಾರೋ ಒಬ್ಬರು, "ಇವತ್ತು ದೇವರು ನನ್ನ ಹತ್ತಿರ ಮಾತಾಡಿದ್ರು" ಅನ್ನುತ್ತಾರೆ. ಇನ್ನೊಬ್ಬರು ತಟ್ಟೆಯಿಂದ ತಲೆ ಎತ್ತದೆ, "ಅದು ಸತ್ಯವೇದದಲ್ಲಿ ಎಲ್ಲಿದೆ, ತೋರ್ಸು" ಅನ್ನುತ್ತಾರೆ.

ಅಲ್ಲಿಗೆ ಮಾತು ನಿಂತುಹೋಗುತ್ತದೆ. ಹೇಳಿದವರಿಗೆ ನೋವು, ಕೇಳಿದವರಿಗೆ ಬೇಸರ. ಮುಂದಿನ ಭಾನುವಾರ ಮತ್ತೆ ಅದೇ.

ಈ ವಾದದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಅನುಭವ ನಿಜವೋ ಸುಳ್ಳೋ ಅಂತ ಜಗಳ ಆಡುತ್ತೇವೆ. ಆದರೆ ಅನುಭವ ನಿಜವಾಗಿದ್ದೂ ಅದಕ್ಕೆ ನಾವು ಕೊಟ್ಟ ಅರ್ಥ ತಪ್ಪಾಗಿರಬಹುದು, ಅಲ್ವಾ? ಪ್ರಾರ್ಥನೆಯಲ್ಲಿ ಒಬ್ಬರಿಗೆ ಕಣ್ಣೀರು ಬಂತು, ಮೈ ಬೆಚ್ಚಗಾಯಿತು, ಕನಸಲ್ಲಿ ಒಂದು ದಾರಿ ಕಂಡಿತು. ಅದು ಆಗಿದ್ದು ನಿಜ. "ಅದಕ್ಕೇ ನಾನು ಈ ಕೆಲಸ ಬಿಡಬೇಕು", "ಈ ಹುಡುಗನನ್ನೇ ಮದುವೆ ಆಗಬೇಕು", "ಈ ಮಾತ್ರೆ ನಿಲ್ಲಿಸಬೇಕು" ಅನ್ನುವುದು ಮಾತ್ರ ಬೇರೆಯದೇ ವಿಷಯ. ಕಂಡದ್ದು ಒಂದು, ಅರ್ಥ ಮಾಡಿಕೊಂಡದ್ದು ಇನ್ನೊಂದು. ಇವೆರಡರ ನಡುವೆ ಸ್ವಲ್ಪ ಜಾಗ ಬಿಡಬೇಕು. ವಾಕ್ಯ, ಅಂದರೆ ಸತ್ಯವೇದದ ಮಾತು, ಕೆಲಸ ಮಾಡುವುದು ಆ ಜಾಗದಲ್ಲೇ ಅಂತ ನಾನು ನಂಬಿದ್ದೇನೆ. ಇದನ್ನು ನನಗೆ ಕಲಿಸಿದ್ದು ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ. ಅದನ್ನು ಸ್ವಲ್ಪ ನಿಧಾನವಾಗಿ ಓದೋಣ.

ಪೇತ್ರ ಯೊಪ್ಪ ಊರಿನಲ್ಲಿ ಚರ್ಮದ ಕೆಲಸ ಮಾಡುವ ಸಿಮೋನನ ಮನೆಯಲ್ಲಿದ್ದಾನೆ. ಮಧ್ಯಾಹ್ನದ ಹೊತ್ತು. ಪ್ರಾರ್ಥನೆ ಮಾಡಲು ಮಾಳಿಗೆ ಹತ್ತಿದ್ದಾನೆ. ಹೊಟ್ಟೆ ಹಸಿದಿದೆ, ಕೆಳಗೆ ಅಡುಗೆ ಆಗುತ್ತಿದೆ. ಆಗ ಒಂದು ದರ್ಶನ. ಆಕಾಶದಿಂದ ದೊಡ್ಡ ಜೋಡುಪಂಜಿಯ (ಅಗಲವಾದ ಬಟ್ಟೆಯ) ಥರದ್ದು ಇಳಿದು ಬರುತ್ತದೆ, ಅದರಲ್ಲಿ ಎಲ್ಲ ಥರದ ಪ್ರಾಣಿಗಳು. ಎದ್ದು ಕೊಯ್ದು ತಿನ್ನು ಅನ್ನುವ ಧ್ವನಿ. ಪೇತ್ರ ಬೇಡವೇ ಬೇಡ ಅನ್ನುತ್ತಾನೆ, ಅಶುದ್ಧವಾದದ್ದನ್ನು ನಾನು ಯಾವತ್ತೂ ತಿಂದವನಲ್ಲ ಅನ್ನುತ್ತಾನೆ. ಇದು ಮೂರು ಸಲ ನಡೆಯುತ್ತದೆ.

ಗಮನಿಸಬೇಕಾದದ್ದು ಇದರ ಮುಂದಿನ ಮಾತು. ಪೇತ್ರನಿಗೆ ಅರ್ಥ ಆಗಲಿಲ್ಲ. ತಾನು ಕಂಡದ್ದು ಏನಿರಬಹುದು ಅಂತ ಅವನು ಗೊಂದಲದಲ್ಲಿದ್ದ ಅಂತ ಈ ಪುಸ್ತಕ ಬರೆದ ಲೂಕ ಸ್ಪಷ್ಟವಾಗಿ ಬರೆಯುತ್ತಾನೆ. ಇವನು ಯಾರು? ಯೇಸುಸ್ವಾಮಿಯ ಜೊತೆ ನಡೆದವನು. ಬೆಟ್ಟದ ಮೇಲೆ ಅವರ ಮಹಿಮೆ ಕಂಡವನು. ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ದಿನ ಎದ್ದು ನಿಂತು ಸಾರಿದವನು. ಅಂಥವನೂ ದರ್ಶನ ಮುಗಿದ ತಕ್ಷಣ ಕೆಳಗಿಳಿದು, "ದೇವರು ನನಗೆ ಹೀಗೆ ಹೇಳಿದರು" ಅಂತ ಸಾರಲಿಲ್ಲ. ಮಾಳಿಗೆಯಲ್ಲೇ ಕೂತು ಯೋಚನೆ ಮಾಡಿದ.

ಅಷ್ಟರಲ್ಲಿ ಬಾಗಿಲಲ್ಲಿ ಮೂವರು ನಿಂತಿದ್ದರು. ಕೈಸರೈಯದಿಂದ ಕೊರ್ನೇಲ್ಯ ಅನ್ನುವ, ಯೆಹೂದ್ಯನಲ್ಲದ ರೋಮನ್ ಶತಾಧಿಪತಿ ಕಳಿಸಿದವರು. ಪೇತ್ರ ಒಬ್ಬನೇ ಹೋಗಲಿಲ್ಲ. ಆರು ಮಂದಿ ಸಹೋದರರನ್ನು ಜೊತೆಗೆ ಕರೆದುಕೊಂಡು ಹೋದ. ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟಾಗ ಅವನ ಬಾಯಿಂದ ಬಂದ ಮಾತು ನೋಡಿ: ಯಾವ ಮನುಷ್ಯನನ್ನೂ ಅಶುದ್ಧ ಅನ್ನಬಾರದು ಅಂತ ದೇವರು ನನಗೆ ತೋರಿಸಿದ್ದಾರೆ. ದರ್ಶನದಲ್ಲಿ ಕಂಡದ್ದು ಪ್ರಾಣಿಗಳು. ಅವನು ಅರ್ಥ ಮಾಡಿಕೊಂಡದ್ದು ಮನುಷ್ಯರ ಬಗ್ಗೆ. ಮಾಳಿಗೆಯಿಂದ ಆ ಮನೆಯ ಹೊಸ್ತಿಲ ತನಕ ನಡೆದ ದಾರಿಯಲ್ಲಿ ಅರ್ಥ ಬೆಳೆದಿದೆ. ಮಾಳಿಗೆಯಲ್ಲೇ ಅವನು ತೀರ್ಮಾನ ಮಾಡಿಬಿಟ್ಟಿದ್ದರೆ ಅದು ಬರೀ ಊಟದ ವಿಷಯವಾಗಿ ಮುಗಿಯುತ್ತಿತ್ತೇನೋ.

ಯೆರೂಸಲೇಮಿಗೆ ವಾಪಸ್ ಬಂದ ಮೇಲೆ ಸಭೆಯವರು ಅವನನ್ನು ಬಿಡಲಿಲ್ಲ. ಸುನ್ನತಿ ಇಲ್ಲದವರ, ಅಂದರೆ ಯೆಹೂದ್ಯರಲ್ಲದ ಅನ್ಯಜನರ, ಮನೆಗೆ ಹೋಗಿ ಊಟ ಮಾಡಿದೆಯಲ್ಲ ಅಂತ ಪ್ರಶ್ನೆ ಮಾಡಿದರು. ಈ ಜಾಗ ನನಗೆ ತುಂಬ ಇಷ್ಟ. ಇವತ್ತಿನ ಎಷ್ಟೋ ವೇದಿಕೆಗಳಲ್ಲಿ ಹೀಗೆ ಪ್ರಶ್ನೆ ಕೇಳಿದರೆ, "ಅಭಿಷಿಕ್ತರನ್ನು ಮುಟ್ಟಬೇಡಿ" ಅನ್ನುವ ಉತ್ತರ ಬರುತ್ತದೆ. ಪೇತ್ರ ಹಾಗೆ ಅನ್ನಲಿಲ್ಲ. ನಡೆದದ್ದನ್ನೆಲ್ಲ ಮೊದಲಿಂದ, ಒಂದೊಂದಾಗಿ, ಸಮಾಧಾನವಾಗಿ ಹೇಳಿದ. ಜೊತೆಗೆ ಬಂದ ಆರು ಜನರನ್ನೂ ತೋರಿಸಿದ. ಅಲ್ಲಿ ಪವಿತ್ರಾತ್ಮ ಇಳಿದು ಬಂದಾಗ ತನಗೆ ಕರ್ತನ ಮಾತು ನೆನಪಾಯಿತು ಅಂದ. ಯೋಹಾನನು ನೀರಿನಲ್ಲಿ ದೀಕ್ಷಾಸ್ನಾನ ಮಾಡಿಸಿದ, ನಿಮಗಾದರೋ ಪವಿತ್ರಾತ್ಮನಲ್ಲಿ ಆಗುತ್ತದೆ ಅಂದಿದ್ದ ಮಾತು. ಅಂದರೆ ಅನುಭವದ ನಡುವೆಯೇ ಅವನ ಮನಸ್ಸು ವಾಕ್ಯದ ಕಡೆ ತಿರುಗಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಕೆಲವು ವರ್ಷಗಳ ಮೇಲೆ, 15ನೇ ಅಧ್ಯಾಯದಲ್ಲಿ, ಯೆರೂಸಲೇಮಿನಲ್ಲಿ ದೊಡ್ಡ ಚರ್ಚೆ. ಅದು ನಡೆದದ್ದು ಕ್ರಿ.ಶ. 49ರ ಆಸುಪಾಸಿನಲ್ಲಿ ಅಂತ ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಲೇಬೇಕು ಅನ್ನುವವರ ಕೈಯಲ್ಲೂ ವಾಕ್ಯ ಇತ್ತು. ಆದಿಕಾಂಡ 17 ತೆಗೆದರೆ ಸಾಕು, ಅಬ್ರಹಾಮನಿಗೆ ದೇವರು ಕೊಟ್ಟ ಆಜ್ಞೆ ಅದು. ಪುಸ್ತಕ ತೋರಿಸಿ ಗೆಲ್ಲುವುದಾದರೆ ಅವತ್ತು ಅವರೇ ಗೆಲ್ಲಬೇಕಿತ್ತು. ಆದರೆ ಮೊದಲು ಪೇತ್ರ ಎದ್ದು ನಡೆದದ್ದನ್ನು ನೆನಪಿಸಿದ. ಬಾರ್ನಬ ಮತ್ತು ಪೌಲ ತಾವು ಕಂಡದ್ದನ್ನು ಹೇಳಿದರು. ಇಡೀ ಗುಂಪು ಸುಮ್ಮನೆ ಕೂತು ಕೇಳಿತು. ಆಮೇಲೆ ಯೆರೂಸಲೇಮ್ ಸಭೆಯ ಹಿರಿಯನಾದ ಯಾಕೋಬ ಎದ್ದು ಆಮೋಸನ ಪುಸ್ತಕದ 9ನೇ ಅಧ್ಯಾಯ ತೆಗೆದ. ಬಿದ್ದುಹೋದ ದಾವೀದನ ಗುಡಾರವನ್ನು ಮತ್ತೆ ಕಟ್ಟುತ್ತೇನೆ, ಉಳಿದ ಜನಾಂಗಗಳೂ ಕರ್ತನನ್ನು ಹುಡುಕುತ್ತವೆ ಅನ್ನುವ ಮಾತು. ಆ ಮಾತು ನೂರಾರು ವರ್ಷದಿಂದ ಅಲ್ಲೇ ಇತ್ತು. ಎಲ್ಲರೂ ಓದಿದ್ದರು. ಕೊರ್ನೇಲ್ಯನ ಮನೆಯಲ್ಲಿ ಆದದ್ದು ಕಣ್ಣ ಮುಂದೆ ಇದ್ದದ್ದರಿಂದ ಆ ವಾಕ್ಯ ಏನು ಹೇಳುತ್ತಿದೆ ಅಂತ ಅವತ್ತು ಕಂಡಿತು. ಆ ವಾಕ್ಯ ಇದ್ದದ್ದರಿಂದಲೇ ಕೊರ್ನೇಲ್ಯನ ಮನೆಯಲ್ಲಿ ಆದದ್ದು ದೇವರ ಕೆಲಸ ಅಂತ ಸಭೆಗೆ ಧೈರ್ಯ ಬಂತು.

ಕೊನೆಗೆ ಅವರು ಬರೆದ ಪತ್ರದಲ್ಲಿ, ಇದು ಪವಿತ್ರಾತ್ಮನಿಗೂ ನಮಗೂ ಸರಿಯೆಂದು ತೋರಿತು ಅಂತಿದೆ. ಎಷ್ಟು ವಿನಯದ ಮಾತು! ಒಬ್ಬ ಮನುಷ್ಯನ ಒಂದು ಮಧ್ಯಾಹ್ನದ ದರ್ಶನ ಸಭೆಯ ನಿರ್ಣಯ ಆಗಬೇಕಾದರೆ ಅಷ್ಟು ವರ್ಷ, ಅಷ್ಟು ಜನ, ಅಷ್ಟು ಮಾತುಕತೆ ಬೇಕಾಯಿತು. ನಾವೋ ಒಂದು ರಾತ್ರಿಯ ಕನಸನ್ನು ಬೆಳಗಿನ ಕಾಫಿಗೆ ಮುಂಚೆ ಆಜ್ಞೆ ಮಾಡಿಬಿಡುತ್ತೇವೆ.

ಇದು ಬರೀ ಓದುವ ವಿಷಯ ಅಲ್ಲ. ಇದರಲ್ಲಿ ಜನ ಸಾಯುತ್ತಾರೆ. ಅದನ್ನು ಇಲ್ಲಿ ಬರೆಯಲೇಬೇಕು.

ನಮ್ಮ ಕಡೆಯ ಒಬ್ಬ ತಾಯಿ. ಹೆಸರು ಬೇಡ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಉಪವಾಸ ಪ್ರಾರ್ಥನೆಗೆ ಹೋಗಿದ್ದರು. ಹೊರಗಿನಿಂದ ಬಂದ ಬೋಧಕರು ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದರು. ಅಮ್ಮನಿಗೆ ನೆತ್ತಿಯಿಂದ ಅಂಗಾಲಿನ ತನಕ ಬಿಸಿ ಹರಿದ ಹಾಗಾಯಿತಂತೆ. ಎಷ್ಟೋ ತಿಂಗಳಿಂದ ಇದ್ದ ಭಯ ಹೋಯಿತಂತೆ. "ಗುಣ ಆಗಿದೆ, ಇನ್ನು ಮಾತ್ರೆ ತಗೊಂಡ್ರೆ ಅದು ಅವಿಶ್ವಾಸ" ಅಂದರು ಆ ಬೋಧಕರು. ಅಮ್ಮ ಮಾತ್ರೆ, ಇಂಜೆಕ್ಷನ್ ಎರಡನ್ನೂ ನಿಲ್ಲಿಸಿದರು. ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಕಾಲಿನ ಗಾಯ ಮಾಗದೆ ಕೊಳೆಯಲು ಶುರುವಾದಾಗ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಎರಡು ಬೆರಳು ಹೋದವು. ನನಗೆ ಇವತ್ತಿಗೂ ತಡೆಯಲಾಗದ ಸಂಗತಿ ಬೇರೆ ಇದೆ. ಆಸ್ಪತ್ರೆಯ ಮಂಚದ ಮೇಲೆ ಅವರು ನನ್ನ ಕೈ ಹಿಡಿದು, "ನನ್ನ ನಂಬಿಕೆ ಸಾಲದೆ ಹೋಯ್ತಾ ಮಗಾ?" ಅಂತ ಕೇಳಿದರು.

ನಂಬಿಕೆ ಸಾಲದೆ ಹೋಗಲಿಲ್ಲ ಅಮ್ಮಾ. ಆ ಬಿಸಿ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಭಯ ಹೋದದ್ದು ದೇವರ ಕೃಪೆಯೇ ಇರಬಹುದು, ನಾನು ಹಾಗೇ ನಂಬುತ್ತೇನೆ. ಆದರೆ ಆ ಬಿಸಿಗೆ ಅರ್ಥ ಕೊಟ್ಟವರು ಬೇರೆಯವರು, ಅದನ್ನೂ ಒಂದೇ ನಿಮಿಷದಲ್ಲಿ ಕೊಟ್ಟರು.

ಸತ್ಯವೇದವನ್ನು ಸ್ವಲ್ಪ ತೆರೆದಿದ್ದರೆ ಸಾಕಿತ್ತು. ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಮಾಡಿದ ಮೇಲೆ ಏನು ಹೇಳಿದರು? ಹೋಗಿ ಯಾಜಕನಿಗೆ ಮೈ ತೋರಿಸು ಅಂದರು. ಲೂಕ 17ರಲ್ಲಿ ಹತ್ತು ಜನರಿಗೂ ಅದೇ ಮಾತು. ಆ ಕಾಲದಲ್ಲಿ ಯಾಜಕನೇ ಪರೀಕ್ಷೆ ಮಾಡುವವನು. ಯಾಜಕಕಾಂಡ 14ನೇ ಅಧ್ಯಾಯ ಓದಿದರೆ ಆ ಪರೀಕ್ಷೆ ಎಷ್ಟು ಗಟ್ಟಿಯಾದದ್ದು ಅಂತ ಗೊತ್ತಾಗುತ್ತದೆ. ಯಾಜಕ ಪಾಳೆಯದ ಹೊರಗೆ ಬಂದು ನೋಡಬೇಕು, ಆಮೇಲೆ ಏಳು ದಿನ ಕಾಯಬೇಕು, ಎಂಟನೆಯ ದಿನ ಕಾಣಿಕೆ ಸಲ್ಲಿಸಬೇಕು. ದೇವರ ಮಗನೇ ಮುಟ್ಟಿ ಗುಣಮಾಡಿದವನನ್ನೂ ಪರೀಕ್ಷೆಗೆ ಕಳಿಸಿದರು. ಪರೀಕ್ಷೆ ಅಂದರೆ ಅವಿಶ್ವಾಸ ಅಂತ ಅವರು ಯಾವತ್ತೂ ಹೇಳಲಿಲ್ಲ. ಹಾಗಾದರೆ ಪ್ರಾರ್ಥನೆ ಆದ ಮೇಲೆ ಲ್ಯಾಬ್‌ಗೆ ಹೋಗಿ ಶುಗರ್ ಚೆಕ್ ಮಾಡಿಸಿ, ರಿಪೋರ್ಟ್ ಡಾಕ್ಟರಿಗೆ ತೋರಿಸಿ ಅನ್ನುವುದು ವಾಕ್ಯಕ್ಕೆ ವಿರೋಧ ಹೇಗಾಗುತ್ತದೆ? ವಾಕ್ಯ ಹೇಳಿದ ದಾರಿಯೇ ಅದು.

ಹಿಜ್ಕೀಯ ರಾಜನಿಗೆ ಹದಿನೈದು ವರ್ಷ ಆಯುಸ್ಸು ಕೂಡಿಸುತ್ತೇನೆ ಅಂತ ದೇವರು ಮಾತು ಕೊಟ್ಟರು. ಅದೇ ಅಧ್ಯಾಯದಲ್ಲಿ ಯೆಶಾಯ ಅಂಜೂರದ ಹಣ್ಣನ್ನು ಹುಣ್ಣಿನ ಮೇಲೆ ಕಟ್ಟಲು ಹೇಳಿದ. ಪೌಲ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಯಾವ ಸಂಕೋಚವೂ ಇಲ್ಲದೆ ಬರೆದ. ಅವನ ಜೊತೆಯಲ್ಲೇ ಲೂಕ ಅನ್ನುವ ವೈದ್ಯ ಇದ್ದ. ನಮ್ಮ ಪಕ್ಕದ ಕೋಲಾರದಲ್ಲಿ ಮೆಥಡಿಸ್ಟರು 1910ರಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆ ಶುರು ಮಾಡಿದರು. ಅದಕ್ಕೂ ಸ್ವಲ್ಪ ಮುಂಚೆ ಮೈಸೂರಿನಲ್ಲಿ ವೆಸ್ಲಿಯನ್ನರು ಹೋಲ್ಡ್ಸ್‌ವರ್ತ್ ಆಸ್ಪತ್ರೆ ಕಟ್ಟಿದರು. ಪ್ರಾರ್ಥನೆ ಮಾಡುವ ಜನರೇ ಅವನ್ನು ಕಟ್ಟಿದ್ದು. ಔಷಧವನ್ನು ದೇವರ ಎದುರಾಳಿ ಮಾಡಿದ ಬೋಧನೆ ನಮ್ಮ ಹಿರಿಯರದ್ದಲ್ಲ.

ಇಷ್ಟು ಓದಿದವರು ನಾನು ಒಂದೇ ಕಡೆ ವಾಲುತ್ತಿದ್ದೇನೆ ಅಂದುಕೊಳ್ಳಬಹುದು. ಇಲ್ಲ. ಇನ್ನೊಂದು ಕಡೆಯ ಗಾಯವನ್ನೂ ಹತ್ತಿರದಿಂದ ನೋಡಿದ್ದೇನೆ.

ತಾಯಿಯನ್ನು ಕಳೆದುಕೊಂಡ ಒಂದು ಹುಡುಗಿ ಭಾನುವಾರದ ಶಾಲೆಗೆ ಬರುತ್ತಿದ್ದಳು. ಅಮ್ಮ ಹೋದ ರಾತ್ರಿ ಯಾರೋ ತನ್ನ ಪಕ್ಕ ಕೂತ ಹಾಗಾಯಿತು, ಯೇಸುಸ್ವಾಮಿಯೇ ಅಂತ ಗೊತ್ತಾಯಿತು, ಆಮೇಲೆ ನಿದ್ದೆ ಬಂತು ಅಂತ ಅವಳು ಒಬ್ಬ ಹಿರಿಯರ ಹತ್ತಿರ ಹೇಳಿಕೊಂಡಳು. "ಅದೆಲ್ಲ ಮನಸ್ಸಿನ ಭ್ರಮೆ ಮಗು, ಅದನ್ನೆಲ್ಲ ನಂಬ್ಬಾರ್ದು, ಕೀರ್ತನೆ ಓದು" ಅಂದರು ಅವರು. ಕೆಟ್ಟ ಮನುಷ್ಯರಲ್ಲ. ಪ್ರತಿ ವರ್ಷ ಸತ್ಯವೇದವನ್ನು ಮೊದಲಿಂದ ಕೊನೆ ತನಕ ಓದಿ ಮುಗಿಸುವವರು. ಆದರೆ ಆ ಮಗು ಆಮೇಲೆ ತನ್ನ ಒಳಗಿನ ಯಾವ ಮಾತನ್ನೂ ಸಭೆಯಲ್ಲಿ ಯಾರಿಗೂ ಹೇಳಲಿಲ್ಲ.

ಕೀರ್ತನೆ ಓದು ಅಂದರಲ್ಲ, 34ನೇ ಕೀರ್ತನೆಯನ್ನೇ ಅವಳ ಜೊತೆ ಕೂತು ಓದಬಹುದಿತ್ತು. ಮುರಿದ ಮನಸ್ಸುಳ್ಳವರಿಗೆ ಕರ್ತನು ಹತ್ತಿರವಾಗಿದ್ದಾನೆ ಅಂತ ಅಲ್ಲೇ ಇದೆ. ಅವಳಿಗೆ ಆದದ್ದಕ್ಕೆ ಆ ಪುಸ್ತಕದಲ್ಲೇ ಹೆಸರಿತ್ತು. ಅವಳ ಅನುಭವವನ್ನು ಮುಚ್ಚಲು ವಾಕ್ಯ ಬಳಸಿದರು, ತೆರೆಯಲು ಬಳಸಲಿಲ್ಲ. ನೀವು ಶಾಸ್ತ್ರಗಳನ್ನು ಹುಡುಕಿ ನೋಡುತ್ತೀರಿ, ಅವು ನನ್ನ ಬಗ್ಗೆಯೇ ಸಾಕ್ಷಿ ಹೇಳುತ್ತವೆ, ಆದರೂ ನನ್ನ ಬಳಿಗೆ ಬರಲು ನಿಮಗೆ ಮನಸ್ಸಿಲ್ಲ ಅಂತ ಯೋಹಾನ 5ರಲ್ಲಿ ಯೇಸುಸ್ವಾಮಿ ಹೇಳಿದ್ದು ಪುಸ್ತಕ ಚೆನ್ನಾಗಿ ಗೊತ್ತಿದ್ದವರಿಗೆ. ಯೇಸುಸ್ವಾಮಿಯನ್ನು ಶೋಧಿಸುವಾಗ ಸೈತಾನನೂ ದೇವಾಲಯದ ಶಿಖರದ ಮೇಲೆ 91ನೇ ಕೀರ್ತನೆಯ ಮಾತನ್ನು ಒಪ್ಪಿಸಿದ. ವಾಕ್ಯ ಬಾಯಿಗೆ ಬರುವುದೇ ವಾಕ್ಯದ ಮೇಲೆ ನಿಲ್ಲುವುದಲ್ಲ.

ಹಿರಿಯರು ಹೇಗಿರಬೇಕು ಅಂತ ನನಗೆ ತೋರಿಸುವವನು ಹಳೆಯ ಒಡಂಬಡಿಕೆಯ ಯಾಜಕ ಏಲಿ. ಆ ಮುದುಕನಲ್ಲಿ ಕೊರತೆಗಳು ಬೇಕಾದಷ್ಟಿದ್ದವು. ಕಣ್ಣು ಮಬ್ಬಾಗಿತ್ತು, ಮಕ್ಕಳು ದಾರಿ ತಪ್ಪಿದ್ದರು, ಅವರನ್ನು ಅವನು ತಡೆಯಲಿಲ್ಲ. ಆ ದಿನಗಳಲ್ಲಿ ಕರ್ತನ ವಾಕ್ಯವೇ ಅಪರೂಪವಾಗಿತ್ತು ಅಂತಿದೆ 1 ಸಮುವೇಲ 3ರಲ್ಲಿ. ಬಾಲಕ ಸಮುವೇಲ ರಾತ್ರಿ ಮೇಲಿಂದ ಮೇಲೆ ಎದ್ದು ಓಡಿ ಬಂದಾಗ, ಏಲಿ ಭ್ರಮೆ ಅನ್ನಲಿಲ್ಲ. "ಹೋಗಿ ಮಲಗು, ಮತ್ತೆ ಕರೆದರೆ, ಕರ್ತನೇ ಅಪ್ಪಣೆಯಾಗಲಿ, ನಿನ್ನ ದಾಸ ಕೇಳುತ್ತಿದ್ದಾನೆ ಅನ್ನು" ಅಂದ. ಹುಡುಗನ ಬದಲು ತಾನು ಕೇಳಿಸಿಕೊಳ್ಳಲಿಲ್ಲ, ತಾನೇ ಅರ್ಥ ಹೇಳಲಿಲ್ಲ. ಬೆಳಿಗ್ಗೆ, ಒಂದನ್ನೂ ಮುಚ್ಚಿಡದೆ ಹೇಳು ಅಂದ. ಹೇಳಿದ್ದು ಅವನ ಮನೆತನಕ್ಕೇ ಬಂದ ತೀರ್ಪು. ಆಗಲೂ, ಆತನು ಕರ್ತನು, ತನಗೆ ಸರಿ ಕಂಡದ್ದನ್ನು ಮಾಡಲಿ ಅಂದ. ಕಿರಿಯರ ಅನುಭವ ತಮ್ಮ ವಿರುದ್ಧ ಇದ್ದಾಗಲೂ ಕೇಳುವ ಹಿರಿಯರು ನಮ್ಮ ಸಭೆಗಳಿಗೆ ಬೇಕು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹಳೆಯ ನಂಟಿದೆ. ಅದು ನಮ್ಮಲ್ಲೇ ಜಾಸ್ತಿ ಜನರಿಗೆ ಗೊತ್ತಿಲ್ಲ. ಬಿ.ಎಚ್. ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಗುಬ್ಬಿ. 1830ರ ದಶಕದ ಕೊನೆಯಲ್ಲೇ ಅಲ್ಲಿ ವೆಸ್ಲಿಯನ್ ಮಿಷನ್ ಶುರುವಾಗಿತ್ತು. ಅಷ್ಟು ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರ ಶ್ರಮದಿಂದ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು, 1831ರಲ್ಲಿ. ಗುಬ್ಬಿಗೆ 1839ರಲ್ಲಿ ಹೊರಟು ಬಂದ ಯುವಕರಲ್ಲಿ ವಿಲಿಯಂ ಆರ್ಥರ್ ಒಬ್ಬರು, ಐರ್ಲೆಂಡಿನವರು. ಆರೋಗ್ಯ ಕೆಟ್ಟು ಬೇಗನೇ ವಾಪಸ್ ಹೋದರು. ಅದೇ ಆರ್ಥರ್ 1856ರಲ್ಲಿ ಪಂಚಾಶತ್ತಮ ದಿನದ ಬೆಂಕಿಯ ನಾಲಿಗೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಪವಿತ್ರಾತ್ಮನ ಬಲ ಇಲ್ಲದೆ ಸಭೆ ಏನೂ ಮಾಡಲಾರದು ಅನ್ನುವುದು ಅದರ ತಿರುಳು. ಪವಿತ್ರಾತ್ಮನ ಅನುಭವಕ್ಕೆ, ಅನ್ಯಭಾಷೆಗೆ ಒತ್ತು ಕೊಡುವ ಪೆಂಟೆಕೋಸ್ಟಲ್ ಚಳವಳಿ ಹುಟ್ಟುವುದಕ್ಕೆ ಅರ್ಧ ಶತಮಾನ ಮುಂಚೆ ಬರೆದದ್ದು. ಹಾಗಾಗಿ ಪವಿತ್ರಾತ್ಮನ ಅನುಭವದ ಮಾತು ಮಹಡಿ ಹಾಲಿನವರದ್ದು, ವಾಕ್ಯದ ಮಾತು ಹಳೆಯ ಸಭೆಯವರದ್ದು ಅಂತ ಯಾರಾದರೂ ಹಂಚಿಕೊಟ್ಟರೆ ನಾನು ಒಪ್ಪುವುದಿಲ್ಲ. ನಮ್ಮ ಊರಿನ ಬೇರಿನಲ್ಲಿ ಎರಡೂ ಒಟ್ಟಿಗೇ ಇದ್ದವು.

ಈ ಮಿಷನ್ನಿನ ಮೂಲಪುರುಷರಾದ ಜಾನ್ ವೆಸ್ಲಿಯವರ ಜೀವನವೇ ಇದಕ್ಕೆ ಸಾಕ್ಷಿ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಅವರ ಹೃದಯ ವಿಚಿತ್ರವಾಗಿ ಬೆಚ್ಚಗಾದದ್ದನ್ನು ನಮ್ಮ ಅಯ್ಯನವರುಗಳು ಪ್ರತಿ ವರ್ಷ ನೆನಪಿಸುತ್ತಾರೆ. ಆಗ ಅಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಬಿಟ್ಟುಬಿಡುತ್ತೇವೆ. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದರು. ಆ ದಿನ ಮುಂಜಾನೆ ವೆಸ್ಲಿ ತೆರೆದಿದ್ದು 2 ಪೇತ್ರ 1ನೇ ಅಧ್ಯಾಯ. ಮಧ್ಯಾಹ್ನ ಸೇಂಟ್ ಪಾಲ್ಸ್ ದೇವಾಲಯದಲ್ಲಿ ಕೇಳಿದ್ದು 130ನೇ ಕೀರ್ತನೆ. ಇಡೀ ದಿನ ವಾಕ್ಯದಲ್ಲಿ ನೆನೆದ ಮನಸ್ಸಿಗೆ ಸಂಜೆ ಆ ಬಿಸಿ ತಟ್ಟಿತು. ಅದೇ ರಾತ್ರಿ, ಇದು ನಂಬಿಕೆಯಾದರೆ ಸಂತೋಷ ಎಲ್ಲಿ ಅನ್ನುವ ಅನುಮಾನವೂ ಬಂತು ಅಂತ ಅವರೇ ಬರೆದಿದ್ದಾರೆ. ಆ ಸಂಜೆಯ ಬಿಸಿಯನ್ನೇ ನಂಬಿ ಕೂತಿದ್ದರೆ ಅವರು ಅಲ್ಲೇ ನಿಂತುಬಿಡುತ್ತಿದ್ದರು.

ಅವರ ಸಂಘಗಳಲ್ಲೇ ಜಾರ್ಜ್ ಬೆಲ್ ಅನ್ನುವ ಮಾಜಿ ಸೈನಿಕ ಇದ್ದ. ಗುಣಪಡಿಸುವ ವರ ತನಗಿದೆ ಅಂದ. ಆಮೇಲೆ 1763ರ ಫೆಬ್ರವರಿ 28ಕ್ಕೆ ಲೋಕ ಮುಗಿಯುತ್ತದೆ ಅಂತ ಸಾರಿದ. ವೆಸ್ಲಿ ಮೊದಮೊದಲು ಅವನನ್ನು ತಾಳ್ಮೆಯಿಂದ ನೋಡಿದರು, ಒಳ್ಳೆಯದನ್ನೂ ಗುರುತಿಸಿದರು, ಕೊನೆಗೆ ಬೇರ್ಪಡಿಸಿದರು. ಆ ರಾತ್ರಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಬೋಧನೆ ಮಾಡಿ ಈ ಮಾತು ಎಷ್ಟು ಅರ್ಥವಿಲ್ಲದ್ದು ಅಂತ ವಿವರಿಸಿದರು. ಎಷ್ಟೋ ಜನ ಹೆದರಿ ಮಲಗಲಿಲ್ಲ, ಕೆಲವರು ಹೊಲಗಳಲ್ಲಿ ಅಲೆದರು. ವೆಸ್ಲಿ ತಮ್ಮ ಮಾಮೂಲಿ ಹೊತ್ತಿಗೆ ಮಲಗಿ, ಹತ್ತು ಗಂಟೆಯ ಹೊತ್ತಿಗೆ ಗಾಢ ನಿದ್ದೆಯಲ್ಲಿದ್ದರಂತೆ. ಹೃದಯ ಬೆಚ್ಚಗಾದ ಮನುಷ್ಯನೇ ಇಷ್ಟು ನೆಮ್ಮದಿಯಾಗಿ ಮಲಗಿದ್ದು ಅನ್ನುವುದು ನನಗೆ ದೊಡ್ಡ ಪಾಠ.

ಪಂಡಿತಾ ರಮಾಬಾಯಿಯವರನ್ನು ಬಿಟ್ಟು ಈ ಬರಹ ಮುಗಿಸಲು ನನಗೆ ಮನಸ್ಸಿಲ್ಲ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಪುಣೆಯ ಹತ್ತಿರ ಕೆಡಗಾಂವ್‌ನಲ್ಲಿ ಅವರು ನಡೆಸಿದ ಮುಕ್ತಿ ಮಿಷನ್ನಿನಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ (ಭಕ್ತಿಯ ಹೊಸ ಜಾಗೃತಿ) ಆಯಿತು. ಒಬ್ಬ ಹುಡುಗಿಯ ಮೇಲೆ ಬೆಂಕಿ ಕಂಡು ಇನ್ನೊಬ್ಬಳು ನೀರು ತರಲು ಓಡಿದಳು, ಹತ್ತಿರ ಬಂದು ನೋಡಿದರೆ ಅವಳು ಸುಡುತ್ತಿರಲಿಲ್ಲ ಅಂತ ಅಲ್ಲಿದ್ದವರು ಹೇಳಿದ್ದಾರೆ. ವಿಧವೆಯರು, ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳು ದಿನಗಟ್ಟಲೆ ಅತ್ತು ಪ್ರಾರ್ಥಿಸಿದರು. ರಮಾಬಾಯಿ ಅದನ್ನು ತಡೆಯಲಿಲ್ಲ. ಅದೇ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, 1922ರಲ್ಲಿ ತೀರಿಕೊಳ್ಳುವ ತನಕ ಇಡೀ ಸತ್ಯವೇದವನ್ನು ಮರಾಠಿಗೆ ತರುವ ಕೆಲಸದಲ್ಲಿದ್ದರು, ಓದು ಕಡಿಮೆ ಇದ್ದ ಹೆಂಗಸರಿಗೂ ಅರ್ಥವಾಗುವ ಮರಾಠಿಗೆ. ಬೆಂಕಿ ಕಂಡ ಹುಡುಗಿಯರ ಕೈಗೆ ಪುಸ್ತಕವೂ ಬರಬೇಕು ಅಂತ ಅವರಿಗೆ ಅನ್ನಿಸಿತ್ತು ಅಂತ ನಾನು ಓದಿಕೊಳ್ಳುತ್ತೇನೆ. ಪ್ರವಾದಿಯ ಮಾತನ್ನು ತಾವೇ ಓದಿ ನೋಡಬಲ್ಲ ಹೆಣ್ಣನ್ನು ಮೋಸ ಮಾಡುವುದು ಕಷ್ಟ.

ಹೊಸ ವರ್ಷದ ವಾಗ್ದಾನ ಕಾರ್ಡುಗಳ ಬಗ್ಗೆ ಒಂದು ಮಾತು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಎತ್ತಿಕೊಳ್ಳುವ, ಸತ್ಯವೇದದ ಒಂದು ವಚನ ಬರೆದ ಕಾರ್ಡು ನಮ್ಮ ಮನೆಗಳ ಗೋಡೆಯ ಮೇಲೆ, ಸತ್ಯವೇದದ ಹಾಳೆಗಳ ನಡುವೆ ಇರುತ್ತದೆ. ನಾನು ಅದನ್ನು ಬಿಡಿ ಅನ್ನುವುದಿಲ್ಲ. ನಿಮ್ಮ ಹಿತದ ಯೋಚನೆಗಳೇ ನನ್ನವು ಅಂತ ದೇವರು ಹೇಳುವ ಯೆರೆಮೀಯ 29:11 ಬಂದರೆ 10ನೇ ವಚನವನ್ನೂ ಓದಿ ಅನ್ನುತ್ತೇನೆ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆಯಬೇಕಾದವರಿಗೆ ಬರೆದ ಪತ್ರ ಅದು. ಮನೆ ಕಟ್ಟಿ, ತೋಟ ಹಾಕಿ, ಆ ಊರಿನ ಒಳ್ಳೆಯದಕ್ಕೆ ಪ್ರಾರ್ಥಿಸಿ ಅಂತ ಮೇಲೆ ಬರೆದಿದೆ. ಮಗನಿಗೆ ಇದೇ ವರ್ಷ ಕೆಲಸ ಸಿಗದಿದ್ದರೂ ಆ ವಾಗ್ದಾನ ಸುಳ್ಳಾಗುವುದಿಲ್ಲ ಅನ್ನುವ ಧೈರ್ಯ ಆ ಹತ್ತನೇ ವಚನದಿಂದ ಬರುತ್ತದೆ.

ನಮ್ಮ ಬುಧವಾರದ ಹೆಂಗಸರ ಕೂಟದಲ್ಲಿ ಯಾರಾದರೂ "ದೇವರು ಹೇಳಿದರು" ಅಂದರೆ ಮೊದಲು ಪೂರ್ತಿ ಕೇಳುತ್ತೇವೆ. ಆಮೇಲೆ, ಕಂಡದ್ದೇನು ಅಂತ ಬೇರೆ, ಅದರಿಂದ ನಿಮಗೆ ಅನ್ನಿಸಿದ್ದೇನು ಅಂತ ಬೇರೆ ಹೇಳಿಸುತ್ತೇವೆ. ಎಷ್ಟೋ ಸಲ ಹೇಳುತ್ತ ಹೇಳುತ್ತ ಅವರಿಗೇ ಎರಡರ ವ್ಯತ್ಯಾಸ ಕಾಣುತ್ತದೆ. ಇನ್ನೊಬ್ಬರ ದುಡ್ಡು, ಇನ್ನೊಬ್ಬರ ದೇಹ, ಇನ್ನೊಬ್ಬರ ಬದುಕಿನ ಮೇಲೆ ಹಕ್ಕು ಕೇಳುವ ದರ್ಶನ ಆದರೆ ತುಂಬ ಹುಷಾರಾಗುತ್ತೇವೆ. ಸೂಚನೆ ನಿಜವಾಗಿ ನಡೆದರೂ ಅದು ಬೇರೆ ದೇವರುಗಳ ಕಡೆ ಎಳೆದರೆ ಕೇಳಬೇಡ ಅಂತ ಧರ್ಮೋಪದೇಶಕಾಂಡ 13 ಹೇಳುತ್ತದೆ. ದುಡ್ಡೂ ಅಂಥ ದೇವರೇ ಆಗಬಹುದು; ದೇವರನ್ನೂ ದುಡ್ಡನ್ನೂ ಒಟ್ಟಿಗೆ ಸೇವಿಸಲಾರಿರಿ ಅಂತ ಯೇಸುಸ್ವಾಮಿ ಹೇಳಿದ್ದಾರೆ. ಅರ್ಜೆಂಟ್ ಇಲ್ಲದಿದ್ದರೆ ಕಾಯುತ್ತೇವೆ. ಪೌಲ ಮೂರನೆಯ ಆಕಾಶದ ತನಕ ಒಯ್ಯಲ್ಪಟ್ಟ ವಿಷಯವನ್ನು ಬರೆಯುವಾಗ ಹದಿನಾಲ್ಕು ವರ್ಷ ಕಳೆದಿತ್ತು. ಆಗಲೂ ಯಾರೋ ಒಬ್ಬನ ಕಥೆ ಅನ್ನುವ ಹಾಗೆ ಬರೆದ.

ಕ್ಯಾತ್ಸಂದ್ರದ ಕಡೆಯಿಂದ ನಮ್ಮ ಕೂಟಕ್ಕೆ ಬರುವ ಒಬ್ಬ ಹುಡುಗಿ ಒಂದು ದಿನ ಮಂಕಾಗಿ ಕೂತಿದ್ದಳು. ಅವಳ ಸಭೆಯ ಒಬ್ಬ ಯುವಕ, "ನೀನೇ ನನ್ನ ಹೆಂಡತಿ ಅಂತ ಕರ್ತನು ನನಗೆ ತೋರಿಸಿದ್ದಾನೆ, ಇಲ್ಲ ಅಂದ್ರೆ ದೇವರಿಗೆ ಇಲ್ಲ ಅಂದ ಹಾಗೆ" ಅಂದಿದ್ದನಂತೆ. ಅವನು ಉಪವಾಸ ಪ್ರಾರ್ಥನೆ ಮಾಡುವವನು, ಎಲ್ಲರೂ ಗೌರವ ಕೊಡುವವನು. ಅವಳಿಗೆ ಅವನ ಮೇಲೆ ಮನಸ್ಸಿಲ್ಲ. ದೇವರಿಗೆ ಹೆದರಿದ್ದಳು.

"ಅಕ್ಕ, ದೇವರು ಅವನಿಗೆ ಹೇಳಿದ್ರೆ ನನಗೆ ಯಾಕೆ ಹೇಳಲಿಲ್ಲ?" ಅಂತ ಕೇಳಿದಳು.

"ಒಳ್ಳೇ ಪ್ರಶ್ನೆ ಕಣಮ್ಮ. ನಾವೆಲ್ಲ ಸೇರಿ ಹುಡುಕೋಣ ಬಾ" ಅಂದೆ.

ಅವತ್ತು ಎಲ್ಲರೂ ಸತ್ಯವೇದ ಬಿಚ್ಚಿ ಕೂತೆವು. ಮರಿಯಳಿಗೆ ಗಬ್ರಿಯೇಲ ಬಂದು ಹೇಳಿದ, ಅವಳು ಪ್ರಶ್ನೆ ಕೇಳಿದಳು, ಉತ್ತರ ಸಿಕ್ಕ ಮೇಲೆ ಒಪ್ಪಿದಳು. ಯೋಸೇಫನಿಗೆ ಮರಿಯಳ ಮಾತನ್ನೇ ನಂಬು ಅಂತ ಬಿಡಲಿಲ್ಲ, ಅವನಿಗೂ ಬೇರೆಯಾಗಿ ಕನಸಿನಲ್ಲಿ ಹೇಳಲಾಯಿತು. ಕೊರ್ನೇಲ್ಯನಿಗೆ ಕೈಸರೈಯದಲ್ಲಿ ದರ್ಶನ, ಪೇತ್ರನಿಗೆ ಯೊಪ್ಪದಲ್ಲಿ. ಸೌಲನಿಗೆ (ಮುಂದೆ ಪೌಲ ಅನ್ನಿಸಿಕೊಂಡವನಿಗೆ) ದಮಸ್ಕದ ದಾರಿಯಲ್ಲಿ ಬೆಳಕು, ಅದೇ ದಮಸ್ಕದಲ್ಲಿ ಅನನೀಯ ಅನ್ನುವ ಶಿಷ್ಯನಿಗೂ ಕರ್ತನ ಮಾತು. ಇಬ್ಬರ ಬದುಕು ಕೂಡುವ ಕಡೆ ದೇವರು ಇಬ್ಬರ ಹತ್ತಿರವೂ ಮಾತಾಡಿದ್ದನ್ನು ನಾವು ಒಂದಾದ ಮೇಲೆ ಒಂದರಂತೆ ಓದಿದೆವು. ಓದುತ್ತ ಹೋದ ಹಾಗೆ ಅವಳ ಮುಖದ ಬಿಗಿ ಸಡಿಲವಾಯಿತು.

ಅವಳು ಅವನಿಗೆ ಮೆತ್ತಗೆ, ಗಟ್ಟಿಯಾಗಿ ಹೇಳಿದಳು: "ಅಣ್ಣ, ನಿಮಗೆ ಏನು ಕಂಡಿತೋ ನನಗೆ ಗೊತ್ತಿಲ್ಲ. ನನಗೆ ದೇವರು ಏನೂ ಹೇಳಿಲ್ಲ. ನನ್ನ ವಿಷಯ ಆದ್ರೆ ನನ್ನ ಹತ್ರಾನೂ ಹೇಳ್ತಾರೆ." ಅವನು ಸ್ವಲ್ಪ ದಿನ ಮುನಿಸಿಕೊಂಡಿದ್ದ. ಅವಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಕೂಟದಲ್ಲಿ ವಾಕ್ಯ ಓದಿಸುತ್ತಾಳೆ. ಹೋದ ಸಲ ಅಪೊಸ್ತಲರ ಕೃತ್ಯ 9 ತೆಗೆದು, ನಾವು ಅವತ್ತು ಗಮನಿಸದೆ ದಾಟಿಹೋಗಿದ್ದ ಒಂದು ವಿಷಯವನ್ನು ಅವಳೇ ತೋರಿಸಿದಳು. ಅನನೀಯ ಮೊದಲ ಮಾತಿಗೇ ಒಪ್ಪಲಿಲ್ಲ. ಈ ಸೌಲ ನಿನ್ನ ಜನರಿಗೆ ಎಷ್ಟು ಕೇಡು ಮಾಡಿದ್ದಾನೆ ಅಂತ ಕರ್ತನಿಗೇ ಎದುರು ಹೇಳಿದ. ಕರ್ತನು ಅವನನ್ನು ಗದರಿಸಲಿಲ್ಲ, ಕಾರಣ ಹೇಳಿದನು. ಅನನೀಯ ಎದ್ದು ಆ ಮನೆಗೆ ಹೋಗಿ, "ಸಹೋದರನಾದ ಸೌಲನೇ" ಅಂತ ಕರೆದ.